ಅರವತ್ತು ಸಾವಿರದೊಳಗೆ ಗೇಮಿಂಗ್ ಕಂಪ್ಯೂಟರ್: ಯಾವ ಭಾಗಕ್ಕೆ ಎಷ್ಟು ಹಣ?



ಪರೀಕ್ಷೆ ಮುಗಿದು ರಜೆ ಬಂತೆಂದರೆ ಸಂಘಕ್ಕೆ ಬರುವ ಫೋನ್ ಕರೆಗಳ ಧಾಟಿಯೇ ಬದಲಾಗುತ್ತದೆ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿ, ಎಲ್ಲ ಕಡೆಯಿಂದಲೂ ಒಂದೇ ಪ್ರಶ್ನೆ: "ಹುಡುಗ ಗೇಮಿಂಗ್ ಕಂಪ್ಯೂಟರ್ ಬೇಕೇ ಬೇಕು ಅಂತಾನೆ, ಐವತ್ತು ಅರವತ್ತು ಸಾವಿರ ಆಗುತ್ತಂತೆ, ಏನು ಮಾಡೋಣ ಸಾರ್?" ಸಿಪ್ಕಾಟ್‌ನಲ್ಲಿ ಪಾಳಿ ಕೆಲಸ ಮಾಡುವವರ ಮನೆಯಲ್ಲಿ ಅದು ವರ್ಷದ ಉಳಿತಾಯ. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ನಾನು ಆಟ ಆಡುವವನಲ್ಲ. ಆದರೆ ಗುಮಾಸ್ತಗಿರಿಯಲ್ಲಿ ದರಪಟ್ಟಿಗಳನ್ನು ಹೋಲಿಸಿ ನೋಡಿ ಅಭ್ಯಾಸವಾಗಿದೆ. ಕಂಪ್ಯೂಟರಿನ ಭಾಗಗಳಿಗೂ ಬೇಕಾಗಿರುವುದು ಅದೇ ವಿದ್ಯೆ.

ಮೊದಲು ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಯಾವ ಆಟಗಳನ್ನು ಆಡುತ್ತೀಯ ಎಂದು ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ವ್ಯಾಲರಂಟ್‌ನಂಥ ಆಟಗಳಿಗೆ ಅಷ್ಟು ದೊಡ್ಡ ಯಂತ್ರ ಬೇಡ. 2013ರಲ್ಲಿ ಬಂದು 2015ರಲ್ಲಿ ಕಂಪ್ಯೂಟರಿಗೆ ಇಳಿದ ಜಿಟಿಎ 5 ಕೂಡ ಈಗ ಹಗುರವೇ. 2020ರ ಸೈಬರ್‌ಪಂಕ್ 2077 ಮತ್ತು ಅದರ ನಂತರ ಬಂದ ದೊಡ್ಡ ಆಟಗಳು ಮಾತ್ರ ಜೇಬಿಗೆ ಕೈಹಾಕುತ್ತವೆ. ಪರದೆಯ ವಿಷಯವೂ ಹಾಗೆಯೇ. 1920 x 1080 ಅಳತೆಯ, ಅಂದರೆ ಫುಲ್ ಎಚ್‌ಡಿ ಮಾನಿಟರ್ ಸಾಕು. ಅದಕ್ಕಿಂತ ಮೇಲೆ ಹೋದರೆ ಗ್ರಾಫಿಕ್ಸ್ ಕಾರ್ಡಿನ ಖರ್ಚೂ ಮೇಲೇರುತ್ತದೆ.

ಇನ್ನು ಜಾಹೀರಾತಿನ ಭಾಷೆ. "ಐ7 ಪ್ರೊಸೆಸರ್, 16 ಜಿಬಿ, 4 ಜಿಬಿ ಗ್ರಾಫಿಕ್ಸ್, ಬಣ್ಣದ ದೀಪಗಳು, ಕೇವಲ ಇಷ್ಟೇ ರೂಪಾಯಿ" ಎಂದು ವಾಟ್ಸಾಪಿನಲ್ಲಿ ಓಡಾಡುವ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಐ7 ಎಂಬುದು ಬರೀ ವರ್ಗದ ಹೆಸರು, ಅದರ ಮುಂದಿನ ಅಂಕಿಯೇ ಮುಖ್ಯ. ಐ7-3770 ಎಂದಿದ್ದರೆ ಅದು 2012ರ ಮಾಲು. 2022ರಲ್ಲಿ ಬಂದ ಐ3-12100 ಹೆಸರಿನಲ್ಲಿ ಚಿಕ್ಕದು, ಕೆಲಸದಲ್ಲಿ ಅದಕ್ಕಿಂತ ಎಷ್ಟೋ ಮುಂದೆ. 4 ಜಿಬಿ ಗ್ರಾಫಿಕ್ಸ್ ಎಂಬುದೂ ಇಂಥದ್ದೇ. 2014ರ ಜಿಟಿ 730 ಕಾರ್ಡಿನಲ್ಲೂ 4 ಜಿಬಿ ಇರುವುದುಂಟು, ಆದರೆ ಅದು ಇಂದಿನ ಆಟಗಳಿಗೆ ಒದಗುವುದಿಲ್ಲ. ಗೋದಾಮು ಎಷ್ಟೇ ದೊಡ್ಡದಿದ್ದರೂ ಮೂಟೆ ಹೊರುವ ಹಮಾಲಿ ಒಬ್ಬನೇ ಇದ್ದರೆ ಏನು ಪ್ರಯೋಜನ? ಮಾರುವವರು ಪೂರ್ತಿ ಮಾದರಿ ಸಂಖ್ಯೆ ಬರೆದುಕೊಡಲು ಹಿಂದೇಟು ಹಾಕಿದರೆ ಅಲ್ಲಿಂದ ಎದ್ದು ಬನ್ನಿ.

ಗೇಮಿಂಗ್ ಯಂತ್ರದಲ್ಲಿ ಹಣದ ದೊಡ್ಡ ಪಾಲು, ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಆಟದ ಚಿತ್ರಗಳನ್ನು ಬಿಡಿಸುವುದು ಅದೇ. ಈ ಬಜೆಟ್ಟಿಗೆ ಎಎಂಡಿಯ ಆರ್‌ಎಕ್ಸ್ 6600 ಬಹಳ ಕಾಲದಿಂದ ಒಳ್ಳೆಯ ಆಯ್ಕೆ: 8 ಜಿಬಿ ಮೆಮೊರಿ, 132 ವ್ಯಾಟ್ ಬಳಕೆ. ಎನ್ವಿಡಿಯಾದ ಆರ್‌ಟಿಎಕ್ಸ್ 3050 ಕೊಳ್ಳುವವರು ಒಂದು ವಿಷಯ ಗಮನಿಸಿ. ಅದೇ ಹೆಸರಿನಲ್ಲಿ 2022ರಲ್ಲಿ 8 ಜಿಬಿಯದು ಬಂತು, 2024ರಲ್ಲಿ 6 ಜಿಬಿಯದು ಬಂತು. ಎರಡನೆಯದರಲ್ಲಿ ಕಡಿಮೆಯಾಗಿರುವುದು 2 ಜಿಬಿ ಮೆಮೊರಿ ಮಾತ್ರವಲ್ಲ, ಚಿಪ್ಪಿನ ಶಕ್ತಿಯೂ ಕಡಿಮೆ. ಅದು 70 ವ್ಯಾಟ್‌ನಲ್ಲಿ ನಡೆಯುವುದರಿಂದ ಹಳೆಯ ಕಂಪ್ಯೂಟರಿಗೆ ಹಾಕಲು ಅನುಕೂಲ, ಹೊಸದಾಗಿ ಕಟ್ಟುವವರಿಗೆ ನನ್ನ ಶಿಫಾರಸು ಇಲ್ಲ.

ಪ್ರೊಸೆಸರಿಗೆ ಐ3-12100ಎಫ್ ಅಗ್ಗದ ಬಾಗಿಲು. ಸ್ವಲ್ಪ ಕೈ ಬಿಚ್ಚುವುದಾದರೆ ಆರು ಕೋರ್‌ಗಳ ಐ5-12400ಎಫ್ ಅಥವಾ ರೈಜನ್ 5 5600. ಕೊನೆಯ ಎಫ್ ಅಕ್ಷರ ಅಲಂಕಾರಕ್ಕೆ ಹಾಕಿದ್ದಲ್ಲ. ಅದಿದ್ದರೆ ಪ್ರೊಸೆಸರಿನೊಳಗೆ ಚಿತ್ರ ತೋರಿಸುವ ಭಾಗ ಇಲ್ಲವೆಂದು ಅರ್ಥ, ಪ್ರತ್ಯೇಕ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಇದಕ್ಕೆ ವಿರುದ್ಧವಾದದ್ದು ರೈಜನ್ 5 5600ಜಿ. ಅದರೊಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇದೆ. ಕೈಯಲ್ಲಿ ಮೂವತ್ತೈದು ನಲವತ್ತು ಸಾವಿರ ಮಾತ್ರ ಇರುವವರಿಗೆ ನಾನು ಹೇಳುವ ದಾರಿ ಇದು: ಈಗ ಇದನ್ನು ಹಾಕಿಸಿ, ಓದಿಗೂ ಹಗುರ ಆಟಗಳಿಗೂ ಬಳಸಲಿ, ಮುಂದಿನ ವರ್ಷ ಬೋನಸ್ ಬಂದಾಗ ಕಾರ್ಡ್ ಸೇರಿಸಿ. ಸಾಲ ಮಾಡಿ ಒಟ್ಟಿಗೇ ಕೊಳ್ಳುವುದಕ್ಕಿಂತ ಇದು ಮೇಲು.

ಮದರ್‌ಬೋರ್ಡ್ ಪ್ರೊಸೆಸರಿಗೆ ಹೊಂದಬೇಕು, ಇಂಟೆಲ್ ಬೋರ್ಡಿನಲ್ಲಿ ರೈಜನ್ ಕೂರುವುದಿಲ್ಲ. ಡಿಡಿಆರ್4 ರ್‍ಯಾಮ್ ಡಿಡಿಆರ್5 ಬೋರ್ಡಿಗೂ ಹೋಗುವುದಿಲ್ಲ. ರ್‍ಯಾಮ್ ಒಟ್ಟು 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಪಟ್ಟಿಗಳಾಗಿ. ಎರಡು ಪಟ್ಟಿಗಳಿದ್ದರೆ ಎರಡು ದಾರಿಯಲ್ಲಿ ಮಾಹಿತಿ ಓಡಾಡುತ್ತದೆ. 5600ಜಿ ಹಾಕಿಸಿದವರಿಗಂತೂ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಏಕೆಂದರೆ ಅದರ ಗ್ರಾಫಿಕ್ಸ್ ಭಾಗ ಇದೇ ರ್‍ಯಾಮನ್ನು ಹಂಚಿಕೊಳ್ಳುತ್ತದೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಹೀಗಾಗಿ ಕಳೆದ ವರ್ಷದ ಯೂಟ್ಯೂಬ್ ವಿಡಿಯೋದ ಬೆಲೆ ಹಿಡಿದು ಅಂಗಡಿಯವರ ಜೊತೆ ಜಗಳ ಬೇಡ. ಡಿಸ್ಕಿಗೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು.

ಈಗ ಎಲ್ಲರೂ ಕೈ ಬಿಗಿ ಹಿಡಿಯುವ ಜಾಗಕ್ಕೆ ಬರೋಣ. ಪವರ್ ಸಪ್ಲೈ, ಆಡುಮಾತಿನಲ್ಲಿ ಎಸ್‌ಎಂಪಿಎಸ್. ಡಬ್ಬಿಯ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಎಂದು ಬರೆದಿದ್ದ ಮಾತ್ರಕ್ಕೆ ಅದು 500 ವ್ಯಾಟ್ ಕೊಡುತ್ತದೆಂದು ಅರ್ಥವಲ್ಲ. ಇಡೀ ಯಂತ್ರದಲ್ಲಿ ಕೆಟ್ಟಾಗ ಪಕ್ಕದವರನ್ನೂ ಜೊತೆಗೆ ಕರೆದುಕೊಂಡು ಹೋಗಬಲ್ಲ ಭಾಗ ಇದೊಂದೇ. ಇದು ಸುಟ್ಟರೆ ಬೋರ್ಡು, ಕಾರ್ಡು ಎಲ್ಲಕ್ಕೂ ಅಪಾಯ. 80 ಪ್ಲಸ್ ಬ್ರಾಂಜ್ ಗುರುತಿರುವ, ಹೆಸರಾಂತ ಕಂಪನಿಯ 450 ಅಥವಾ 550 ವ್ಯಾಟ್‌ನದು ಮೇಲೆ ಹೇಳಿದ ಯಂತ್ರಕ್ಕೆ ಧಾರಾಳ. ಮೂರು ವರ್ಷಕ್ಕೆ ಕಡಿಮೆ ವಾರಂಟಿ ಇರುವುದನ್ನು ಕೊಳ್ಳಬೇಡಿ. ಬಣ್ಣದ ದೀಪದ ಫ್ಯಾನುಗಳನ್ನು ಬಿಟ್ಟರೆ ಈ ಹಣ ಅಲ್ಲೇ ಹುಟ್ಟುತ್ತದೆ.

ಯುಪಿಎಸ್ ಕೂಡ ಲೆಕ್ಕದಲ್ಲಿರಲಿ. ಹಳ್ಳಿ ಕಡೆಯ ಸದಸ್ಯರಿಗೆ ಕರೆಂಟಿನ ಕಣ್ಣಾಮುಚ್ಚಾಲೆ ಹೊಸದಲ್ಲ. 600 ವಿಎ ಎಂದು ಬರೆದಿರುವ ಮನೆಬಳಕೆಯ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ತಡೆಯುತ್ತದೆ, 600 ಅಲ್ಲ. ನಮ್ಮ ಯಂತ್ರ ಮಾನಿಟರ್ ಸೇರಿ ಆಟದ ಹೊತ್ತಿನಲ್ಲಿ ಸುಮಾರು 250 ವ್ಯಾಟ್ ಎಳೆದರೆ ಕೆಲವು ನಿಮಿಷ ಸಿಗುತ್ತದೆ. ಉಳಿಸಿ ಮುಚ್ಚುವುದಕ್ಕೆ ಅಷ್ಟು ಸಾಕು, ಪಂದ್ಯ ಮುಗಿಸುವುದಕ್ಕಲ್ಲ. ಕರೆಂಟ್ ಬಿಲ್ಲಿನ ಬಗ್ಗೆ ಕೇಳಿದ ತಾಯಂದಿರಿಗೆ: ದಿನಕ್ಕೆ ಮೂರು ಗಂಟೆ ಆಡಿದರೆ ಮುಕ್ಕಾಲು ಯೂನಿಟ್, ಎರಡು ತಿಂಗಳಿಗೆ 45 ಯೂನಿಟ್. ತಮಿಳುನಾಡಿನಲ್ಲಿ ಎರಡು ತಿಂಗಳಿಗೆ ಉಚಿತವಾಗಿ ಸಿಗುವ 100 ಯೂನಿಟ್‌ನಲ್ಲಿ ಅರ್ಧದ ಹತ್ತಿರ ಹತ್ತಿರ. ಎಷ್ಟು ಹೊತ್ತು ಆಡಬೇಕೆಂಬ ಮಾತುಕತೆಗೆ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಎಲ್ಲಿ ಕೊಳ್ಳುವುದು? ನಮಗೆ ಚೆನ್ನೈನ ರಿಚ್ಚಿ ಸ್ಟ್ರೀಟ್ ದೂರ, ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಇನ್ನೂ ಸುಲಭ. ಹೊಸೂರಿನಿಂದ ಬಸ್ಸಿನಲ್ಲಿ ಬೊಮ್ಮಸಂದ್ರ, ಅಲ್ಲಿಂದ ಮೆಟ್ರೋದಲ್ಲಿ ಆರ್.ವಿ. ರಸ್ತೆ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರುಕಟ್ಟೆ ಅಥವಾ ಚಿಕ್ಕಪೇಟೆಯಲ್ಲಿ ಇಳಿದರೆ ನಡೆಯುವ ದೂರ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಕನಿಷ್ಠ ಮೂರು ಅಂಗಡಿಗಳಲ್ಲಿ ಒಂದೇ ಪಟ್ಟಿ ಕೊಟ್ಟು ಲಿಖಿತ ದರ ಪಡೆಯಿರಿ, ಮತ್ತು ಅಂತರ್ಜಾಲದ ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಎಷ್ಟೋ ಸಲ ಒಂದೆರಡು ಭಾಗ ಅಲ್ಲೇ ಅಗ್ಗ.

ಗಡಿ ದಾಟಿ ತಂದರೆ ಹೆಚ್ಚು ತೆರಿಗೆಯೇ ಎಂದು ಕೆಲವರು ಕೇಳಿದ್ದಾರೆ. ಇಲ್ಲ. ಈ ಭಾಗಗಳಿಗೆ ಜಿಎಸ್‌ಟಿ ಒಟ್ಟು ಶೇ. 18. ಬೆಂಗಳೂರಿನ ಅಂಗಡಿಯಲ್ಲೇ ಕೊಂಡರೆ ಬಿಲ್ಲಿನಲ್ಲಿ ಒಂಬತ್ತು ಒಂಬತ್ತಾಗಿ ಎರಡು ಸಾಲು ಇರುತ್ತದೆ, ಹೊಸೂರಿನ ವಿಳಾಸಕ್ಕೆ ಕಳುಹಿಸಿದರೆ ಐಜಿಎಸ್‌ಟಿ ಎಂದು ಒಂದೇ ಸಾಲು, ಅಷ್ಟೇ. "ಬಿಲ್ ಬೇಡ ಅಂದರೆ ಕಡಿಮೆ ಮಾಡಿಕೊಡುತ್ತೇನೆ" ಎಂಬ ಮಾತಿಗೆ ಮಾತ್ರ ಒಪ್ಪಲೇಬೇಡಿ. ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ. ಬಿಲ್ಲಿಲ್ಲದೆ ಅದನ್ನು ಕೇಳುವುದು ಹೇಗೆ? ಪ್ರತಿ ಭಾಗದ ಕ್ರಮಸಂಖ್ಯೆ ಬಿಲ್ಲಿನಲ್ಲಿ ಬರೆಸಿ, ಡಬ್ಬಿಯ ಮೇಲಿನ ಸಂಖ್ಯೆಗೂ ಒಳಗಿನ ವಸ್ತುವಿನ ಸಂಖ್ಯೆಗೂ ತಾಳೆ ನೋಡಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಇದು ಗುಮಾಸ್ತನ ಚಾಳಿ ಎಂದು ನಗುವವರು ನಗಲಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಎರಡು ಮಾತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ನಿಂತಾಗ, ಹಗಲೂ ರಾತ್ರಿ ದುಡಿದಿದ್ದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಅಂಥವು ಈಗಲೂ ಕೈ ಬದಲಾಗುತ್ತಿರುತ್ತವೆ. ಕಣ್ಣೆದುರಿಗೇ ಅರ್ಧ ಗಂಟೆ ಆಟ ಓಡಿಸಿ ತೋರಿಸದೆ ಹಣ ಕೊಡಬೇಡಿ. ಕಚೇರಿಗಳಿಂದ ಬಿಡುಗಡೆಯಾದ ಹಳೆಯ ಯಂತ್ರಗಳು ಅಗ್ಗ, ನಿಜ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನದನ್ನು ಒಪ್ಪುವುದಿಲ್ಲ. ವ್ಯಾಲರಂಟ್ ಕೂಡ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದಿಲ್ಲ.

ಯಂತ್ರ ಮನೆಗೆ ಬಂದ ದಿನ ಮೂರು ಕೆಲಸ ಮಾಡಿಸಿ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದೆಯೇ ನೋಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಚಾಲೂ ಮಾಡಿಸಿ, ಇಲ್ಲವಾದರೆ 3200 ವೇಗದ ರ್‍ಯಾಮ್ ಅದಕ್ಕಿಂತ ನಿಧಾನವಾಗಿ ಓಡುತ್ತಿರುತ್ತದೆ. ಮೂರನೆಯದು ನನ್ನ ಸ್ವಾರ್ಥ. ವಿಂಡೋಸ್‌ನ ಭಾಷೆಯ ಪಟ್ಟಿಯಲ್ಲಿ ಕನ್ನಡ ಸೇರಿಸಿ, ಫೊನೆಟಿಕ್ ಕೀಲಿಮಣೆ ಆರಿಸಿಕೊಡಿ. 2019ರಿಂದ ಅದು ವಿಂಡೋಸ್‌ನಲ್ಲೇ ಇದೆ, ಹಣ ಕೊಡಬೇಕಿಲ್ಲ. ಶಾಲೆಯಲ್ಲಿ ಕನ್ನಡ ಅಕ್ಷರ ಕಾಣುವುದೇ ಕಡಿಮೆಯಾಗುತ್ತಿರುವ ನಮ್ಮ ಮಕ್ಕಳು ಆಟದ ನಡುವೆ ಗೆಳೆಯರಿಗೆ ಬೈಯುವುದಾದರೂ ಕನ್ನಡದಲ್ಲಿ ಬೆರಳಚ್ಚು ಮಾಡಲಿ. ಈ ಪತ್ರಿಕೆಗೆ ಬೆರಳಚ್ಚು ಮಾಡಲು ಇಬ್ಬರು ಹುಡುಗರು ಬೇಕಾಗಿದ್ದಾರೆ ಎಂಬುದನ್ನೂ ಇಲ್ಲೇ ತಿಳಿಸುತ್ತೇನೆ.

ಹಣ ಕೊಡುವ ಮೊದಲು ಯಾರಾದರೂ ಪಟ್ಟಿಯನ್ನು ತೋರಿಸಬೇಕೆಂದಿದ್ದರೆ, ಪೂರ್ತಿ ಮಾದರಿ ಸಂಖ್ಯೆ ಮತ್ತು ದರದೊಂದಿಗೆ ಮಾಸಿಕ ಸಭೆಯ ದಿನ ತನ್ನಿ. ಸಂಘದ ಯುವಕರಲ್ಲಿ ಈ ಕೆಲಸ ಬಲ್ಲವರಿದ್ದಾರೆ, ಅವರ ಜೊತೆ ಕೂತು ನೋಡೋಣ.

ಇತಿ,
ಕಾರ್ಯದರ್ಶಿ