ಉಪ್ಪಿನ ಒಡಲನ್ನು ಮೊದಲು ಕಂಡವನು

ಉಪ್ಪಿನ ಹರಳಿನ ರಚನೆ ಎಂದೊಡನೆ ಎಲ್ಲರೂ ಅದನ್ನು ಎಕ್ಸ್-ರೇಯಿಂದ ತೋರಿಸಿಕೊಟ್ಟ ಲಾರೆನ್ಸ್ ಬ್ರಾಗ್ ಹೆಸರು ಹೇಳುತ್ತಾರೆ. ಆದರೆ ಸೋಡಿಯಂ, ಕ್ಲೋರಿನ್‌ಗಳಂತಹ ಎರಡು ಬಗೆಯ ಪರಮಾಣುಗಳು ಒಂದು ಬಿಟ್ಟು ಒಂದರಂತೆ ಮೂರೂ ದಿಕ್ಕಿಗೆ ಜೋಡಿಸಿಕೊಂಡ ಚಿತ್ರ 1883ರ ‘ನೇಚರ್’ ಪತ್ರಿಕೆಯಲ್ಲೇ ಇದೆ. ಎಕ್ಸ್-ರೇ ಪತ್ತೆಯಾಗಲು ಆಗ ಇನ್ನೂ 12 ವರ್ಷವಿತ್ತು. ಬರೆದವನು ಲಂಡನ್ನಿನ ವಿಲಿಯಂ ಬಾರ್ಲೋ. ಕಟ್ಟಡ ಕಟ್ಟಿಸುತ್ತಿದ್ದವರ ಮಗ, ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ತಂದೆಯ ಆಸ್ತಿ ಕೊಟ್ಟ ಬಿಡುವನ್ನೆಲ್ಲ ಹರಳುಗಳಿಗೇ ಸುರಿದ.

ಅವನ ಪ್ರಶ್ನೆ ಸರಳ: ಪರಮಾಣುಗಳು ಗುಂಡುಗಳಾದರೆ ಹೇಗೆ ಒಟ್ಟಿಕೊಂಡಾವು? ಸಂತೆಯ ಕಿತ್ತಳೆ ರಾಶಿಯಂತೆ ಎಷ್ಟೇ ಬಿಗಿಯಾಗಿ ಪೇರಿಸಿದರೂ ಸಮಗಾತ್ರದ ಗುಂಡುಗಳು ಜಾಗದ ಶೇ 74ರಷ್ಟನ್ನು ಮಾತ್ರ ತುಂಬುತ್ತವೆ. ಪ್ರತಿಯೊಂದಕ್ಕೂ 12 ನೆರೆಯವು. ಮೂರನೆಯ ಪದರ ಮೊದಲನೆಯದರ ನೇರಕ್ಕೆ ಕುಳಿತರೆ ಅದು ಮೆಗ್ನೀಸಿಯಂನ ಜೋಡಣೆ, ನಾಲ್ಕನೆಯದು ಕುಳಿತರೆ ತಾಮ್ರದ್ದು.

ಬಾರ್ಲೋನ ಚಿತ್ರಗಳಿಗೆ ಮರುವರ್ಷವೇ ತಕರಾರು ಬಂತು. ಜರ್ಮನಿಯ ಹರಳುವಿಜ್ಞಾನಿ ಜೋಂಕೆ ಕೇಳಿದ: ಇದರಲ್ಲಿ ಅಣು ಎಲ್ಲಿದೆ? ಪ್ರತಿ ಪರಮಾಣುವೂ ಸುತ್ತಲಿನ ಎಲ್ಲವಕ್ಕೂ ಸಮದೂರವಾದರೆ ಯಾವುದು ಯಾವುದರ ಜೋಡಿ? ಅಂದಿನ ರಸಾಯನಶಾಸ್ತ್ರಕ್ಕೆ ಅದು ಬುಡ ಅಲುಗಿಸುವ ಪ್ರಶ್ನೆ.

ಬಾರ್ಲೋ ಹೇಳಿದ್ದೆಲ್ಲ ನಿಲ್ಲಲಿಲ್ಲ. ವಿಲಿಯಂ ಪೋಪ್ ಜೊತೆ ಸೇರಿ, ಪರಮಾಣುವಿನ ಗಾತ್ರ ಅದರ ವೇಲೆನ್ಸಿಗೆ, ಅಂದರೆ ಬೇರೆ ಪರಮಾಣುಗಳೊಡನೆ ಕೂಡುವ ಶಕ್ತಿಗೆ, ತಕ್ಕಂತಿರುತ್ತದೆ ಎಂದು ಮಂಡಿಸಿದ ವಾದ ಬಿದ್ದುಹೋಯಿತು. ಆದರೆ ಅದೇ ಪೋಪ್, ಕೇಂಬ್ರಿಜ್‌ನ ಪ್ರಾಧ್ಯಾಪಕ, ತರುಣ ಲಾರೆನ್ಸ್ ಬ್ರಾಗ್‌ಗೆ ಉಪ್ಪಿನ ಜಾತಿಯ ಹರಳುಗಳನ್ನೇ ಪರೀಕ್ಷಿಸಲು ಹೇಳಿದ. 1913ರಲ್ಲಿ ಎಕ್ಸ್-ರೇ ಉತ್ತರ ಕೊಟ್ಟಿತು: ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ. ಬೇರೆಯಾಗಿ ನಿಂತ ಜೋಡಿ ಎಲ್ಲೂ ಇಲ್ಲ. ಎರಡು ವರ್ಷಕ್ಕೆ, 25ರ ವಯಸ್ಸಿನಲ್ಲಿ, ಬ್ರಾಗ್‌ಗೆ ತಂದೆಯೊಂದಿಗೆ ನೊಬೆಲ್ ಬಂತು.

ಅಷ್ಟಾದರೂ ಹಳೆಯ ತಕರಾರು ಸಾಯಲಿಲ್ಲ. 1927ರಲ್ಲಿ ಹಿರಿಯ ರಸಾಯನವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ ‘ಪಾಪ, ಅಡುಗೆ ಉಪ್ಪು!’ ಎಂಬ ತಲೆಬರಹದಲ್ಲಿ ಬ್ರಾಗ್ ಮೇಲೆ ಕಿಡಿಕಾರಿದ. ಚದುರಂಗದ ಮಣೆಯಂಥ ಈ ಜೋಡಣೆ ರಸಾಯನಶಾಸ್ತ್ರವೇ ಅಲ್ಲವೆಂದ. ಜೋಂಕೆಯ ಪ್ರಶ್ನೆಯೇ ಅದೇ ‘ನೇಚರ್’ ಪುಟಗಳಲ್ಲಿ ಮತ್ತೆ ಎದ್ದಿತ್ತು. ಆ ಮಣೆಯನ್ನು ಮೊದಲು ಹಾಸಿದ ಬಾರ್ಲೋ, ಎಂಬತ್ತು ದಾಟಿ, ಇನ್ನೂ ಬದುಕಿದ್ದ. ತೀರಿಕೊಂಡದ್ದು 1934ರಲ್ಲಿ.