ಸೆಕೆಂಡಿಗೆ 13 ಮಿಲಿಮೀಟರ್: ಲೆಕ್ಕ ತಪ್ಪಿದ್ದೆಲ್ಲಿ?

ಬೆಂಗಳೂರಿನ ಪೀಣ್ಯ ಅಂದರೆ ಲೇತ್ ಸದ್ದು, ಕಟಿಂಗ್ ಆಯಿಲ್ ವಾಸನೆ, ತುಮಕೂರು ರಸ್ತೆಯ ಟ್ರಾಫಿಕ್. ಅದೇ ಕೈಗಾರಿಕಾ ಪ್ರದೇಶದಲ್ಲಿ ನೌಕೆಗಳ ಜಾಡು ಹಿಡಿಯುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವೂ ಇದೆಯೆಂದು ಬಹಳ ಜನಕ್ಕೆ ಗೊತ್ತಾದದ್ದು 2023ರ ಆಗಸ್ಟ್ 23ರ ಸಂಜೆ, ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದಾಗ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರುವುದನ್ನು ಕಾದು ಕುಳಿತಿದ್ದೂ ಇಲ್ಲೇ. ಅಂದು ಅಲ್ಲಿಂದ ಸಂದೇಶ ಬರಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ಸಾಲದ್ದಕ್ಕೆ ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಗ್ರಹದ ಮರೆಗೆ ಸರಿದಿತ್ತು. ಮೊದಲೇ ತುಂಬಿಟ್ಟ ಆದೇಶಗಳನ್ನೂ ಗುರುತ್ವದ ಸೂತ್ರಗಳನ್ನೂ ನಂಬಿ ಕೂರದೆ ಬೇರೆ ದಾರಿಯಿರಲಿಲ್ಲ.

ಇಷ್ಟು ಕರಾರುವಾಕ್ಕಾದ ಗುರುತ್ವ ನಿಯಮದ ಮೇಲೂ ಆಗಾಗ ಅನುಮಾನ ಎದ್ದಿದೆ. ಏಕೆ? ಅಳತೆಯೇ ಅಷ್ಟು ಸೂಕ್ಷ್ಮವಾಗಿರುವುದರಿಂದ. ರೇಡಿಯೊ ಅಲೆಯ ಆವರ್ತನ ಎಷ್ಟು ಏರುಪೇರಾಯಿತೆಂದು ನೋಡಿ ನೌಕೆಯ ವೇಗ ಹೇಳುತ್ತಾರೆ. ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ವ್ಯತ್ಯಾಸವೂ ಸಿಕ್ಕಿಬೀಳುತ್ತದೆ. ಸೌರವ್ಯೂಹದಾಚೆ ಹೊರಟಿದ್ದ ನಾಸಾದ ಪಯೋನಿಯರ್ 10 ಮತ್ತು 11 ಲೆಕ್ಕಕ್ಕಿಂತ ತುಸು ಹೆಚ್ಚೇ ನಿಧಾನವಾಗುತ್ತಿದ್ದದ್ದು ಹೀಗೆ ಬಯಲಾಯಿತು. ಗುರುತ್ವ ನಿಯಮವನ್ನೇ ತಿದ್ದಲು ಹೊರಟವರಿಗೂ ಕೊರತೆಯಿರಲಿಲ್ಲ. 2012ರಲ್ಲಿ ಸ್ಲಾವಾ ತುರಿಶೇವ್ ತಂಡ ಹಳೆಯ ದಾಖಲೆಗಳನ್ನು ಕೆದಕಿ ಕಾರಣ ಹಿಡಿಯಿತು: ನೌಕೆಯ ಶಾಖ ಒಂದೇ ಕಡೆಗೆ ಹೆಚ್ಚು ಸೂಸಿ, ನೌಕೆಯನ್ನೇ ಸೂರ್ಯನತ್ತ ತಳ್ಳುತ್ತಿತ್ತು. ಪೀಣ್ಯದ ಟರ್ನರ್‌ಗೆ ಇದರಲ್ಲಿ ಅಚ್ಚರಿಯೇನಿಲ್ಲ. ಬಿಸಿ ಜಾಬ್‌ಗೆ ಮೈಕ್ರೋಮೀಟರ್ ಹಿಡಿದ ಹೊಸ ಹುಡುಗನಿಗೆ ಅವನು ಹೇಳುವುದೂ ಅದನ್ನೇ: ಆರಲಿ, ಆಮೇಲೆ ಅಳೆ.

ಆರಿದ ಮೇಲೂ ಹೊಂದದ ಅಳತೆಗಳಿವೆ. 1990ರಲ್ಲಿ ಭೂಮಿಯ ಪಕ್ಕದಲ್ಲಿ ಹಾದುಹೋದ ಗೆಲಿಲಿಯೊ ನೌಕೆ ಸೆಕೆಂಡಿಗೆ ಸುಮಾರು 4 ಮಿಲಿಮೀಟರ್, 1998ರಲ್ಲಿ ನಿಯರ್ ನೌಕೆ ಸುಮಾರು 13 ಮಿಲಿಮೀಟರ್‌ನಷ್ಟು ಲೆಕ್ಕ ಮೀರಿದ ಹೆಚ್ಚುವರಿ ವೇಗ ಪಡೆದವು. 2013ರಲ್ಲಿ ಜುನೋ ಹಾದಾಗ ಅಂಥದ್ದೇನೂ ಕಾಣಲಿಲ್ಲ. ಎಲ್ಲರೂ ಒಪ್ಪುವ ವಿವರಣೆ ಇನ್ನೂ ಸಿಕ್ಕಿಲ್ಲ. ಇದೂ ಕೊನೆಗೆ ಲೆಕ್ಕದ ಯಾವುದೋ ಮೂಲೆಯ ಸಣ್ಣ ತಪ್ಪೇ ಆಗಿರಬಹುದೆಂಬ ಗುಮಾನಿ ನನ್ನದು.

ಗೆಲಾಕ್ಸಿಗಳ ವಿಷಯದಲ್ಲಿ ಆ ಮಾತು ಹೇಳುವ ಧೈರ್ಯವಿಲ್ಲ. ಅವುಗಳ ಅಂಚಿನ ನಕ್ಷತ್ರಗಳು ಇರಬೇಕಾದ್ದಕ್ಕಿಂತ ವೇಗವಾಗಿ ಸುತ್ತುತ್ತಿವೆಯೆಂದು ವೆರಾ ರೂಬಿನ್ 1970ರ ದಶಕದಲ್ಲಿ ತೋರಿಸಿದರು. ಕಾಣುವ ದ್ರವ್ಯದ ಸೆಳೆತ ಅಷ್ಟಕ್ಕೆ ಸಾಲದು. ಕಾಣದ ದ್ರವ್ಯವಿದೆ ಎಂಬುದು ಬಹುಪಾಲು ವಿಜ್ಞಾನಿಗಳ ಉತ್ತರ. ಆದರೆ ದಶಕಗಳಿಂದ ನೆಲದಡಿ ಬಲೆ ಹರಡಿ ಕಾದರೂ ಅದರ ಒಂದು ಕಣವೂ ಖಚಿತವಾಗಿ ಸಿಕ್ಕಿಲ್ಲ. 1983ರಲ್ಲಿ ಇಸ್ರೇಲಿನ ಮಿಲ್‌ಗ್ರೋಮ್ ದ್ರವ್ಯ ಹುಡುಕುವ ಬದಲು ನ್ಯೂಟನ್ನನ ಸೂತ್ರವನ್ನೇ ತಿದ್ದಿ ನೋಡಿದರು. ಒಂದೊಂದೇ ಗೆಲಾಕ್ಸಿಗೆ ಅದು ಚೆನ್ನಾಗಿಯೇ ಹೊಂದುತ್ತದೆ; ಗೆಲಾಕ್ಸಿಗಳ ದೊಡ್ಡ ಗುಂಪಿಗೆ ಬಂದರೆ ಅಲ್ಲೂ ದ್ರವ್ಯ ಸಾಲುವುದಿಲ್ಲ.