ಡಿಗ್ರಿ ಐದೇ ಸೆಮಿಸ್ಟರಿಗೆ ಮುಗಿಯುತ್ತದೆಯೇ?

ಪಿಯುಸಿ ಆದ ಮೇಲೆ ಬಿ.ಕಾಂ. ಅಂದರೆ ಮೂರು ವರ್ಷ, ಆರು ಸೆಮಿಸ್ಟರ್. ಅದನ್ನು ಬೇಗ ಮುಗಿಸಬಹುದಂತೆ ಎಂಬ ಮಾತು ಈಗ ನಮ್ಮ ಕ್ಲಾಸಿನಲ್ಲಿ ಓಡಾಡುತ್ತಿದೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಓಡಾಡುತ್ತಿದೆ.

2024ರ ನವೆಂಬರ್‌ನಲ್ಲಿ ಯುಜಿಸಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮೊದಲನೆಯ ಅಥವಾ ಎರಡನೆಯ ಸೆಮಿಸ್ಟರ್ ಆದ ಮೇಲೆ ವಿದ್ಯಾರ್ಥಿ ಅರ್ಜಿ ಹಾಕಬೇಕು. ಕಾಲೇಜಿನ ಸಮಿತಿ ಅವರ ಓದು ನೋಡಿ ಆರಿಸುತ್ತದೆ. ಒಟ್ಟು ಸೀಟುಗಳಲ್ಲಿ ನೂರಕ್ಕೆ 10ರಷ್ಟು ಮಂದಿಗೆ ಮಾತ್ರ ಅವಕಾಶ. 60 ಸೀಟಿನ ಸೆಕ್ಷನ್ ಆದರೆ 6 ಜನ! ನಾಲ್ಕು ವರ್ಷದ ಡಿಗ್ರಿಯಲ್ಲಿ ಎರಡು ಸೆಮಿಸ್ಟರ್, ಮೂರು ವರ್ಷದ್ದರಲ್ಲಿ ಒಂದೇ ಸೆಮಿಸ್ಟರ್ ಉಳಿಸಬಹುದು. ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿರುವುದರಿಂದ ನಮ್ಮ ಲೆಕ್ಕ ಆರು ತಿಂಗಳಷ್ಟೇ. ಹೀಗೆ ಮುಗಿಸಿದ ಡಿಗ್ರಿಗೂ ಕೆಲಸ, ಮುಂದಿನ ಓದು ಎರಡರಲ್ಲೂ ಅದೇ ಬೆಲೆ.

ಪಾಠ ಮಾತ್ರ ಕಡಿಮೆಯಾಗುವುದಿಲ್ಲ. ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ 20. ಎರಡು ಸೆಮಿಸ್ಟರ್ ಕಳೆದ ಮೇಲೆ ಸೇರಿದರೆ ಉಳಿದ 80ನ್ನು ಮೂರೇ ಸೆಮಿಸ್ಟರಿನಲ್ಲಿ ಮುಗಿಸಬೇಕು. ಸೆಮಿಸ್ಟರಿಗೆ 27ರ ಹತ್ತಿರ ಬಂತು. ಒಂದು ಕ್ರೆಡಿಟ್ ಎಂದರೆ ಸುಮಾರಾಗಿ ವಾರಕ್ಕೆ ಒಂದು ಗಂಟೆ ಪಾಠ. ವಾರಕ್ಕೆ ಆರೇಳು ಗಂಟೆ ಜಾಸ್ತಿ, ಅದರ ಮೇಲೆ ಇಂಟರ್ನಲ್ಸ್, ಅಸೈನ್‌ಮೆಂಟ್.

ನಮ್ಮಲ್ಲಿ ಸಂಜೆ ಅಂಗಡಿಯಲ್ಲಿ ಕೂರುವವರಿದ್ದಾರೆ, ಕೆಂಗೇರಿಯಿಂದ ಬಸ್ಸಿನಲ್ಲಿ ಬಂದು ಹೋಗುವವರಿದ್ದಾರೆ. ಆ ಆರು ಗಂಟೆ ಇರುವುದು ಯಾರ ಹತ್ತಿರ? ಮನೆಯಲ್ಲಿ ‘ಜಲ್ದಿ ಖತಮ್ ಕರೋ’ ಎಂದು ಹೆಚ್ಚಾಗಿ ಕೇಳಿಸಿಕೊಳ್ಳುವವರು ಹುಡುಗಿಯರು, ಅಡುಗೆಮನೆಗೂ ಕೈ ಕೊಡಬೇಕಾದವರೂ ಅವರೇ. ಯುಜಿಸಿ ಅದೇ ಸಮಯಕ್ಕೆ ಇನ್ನೊಂದು ದಾರಿಯನ್ನೂ ತೆರೆದಿದೆ. ಸೆಮಿಸ್ಟರಿಗೆ ಕಡಿಮೆ ಕ್ರೆಡಿಟ್ ತೆಗೆದುಕೊಂಡು, ಹೆಚ್ಚೆಂದರೆ ಎರಡು ಸೆಮಿಸ್ಟರ್ ತಡವಾಗಿ ಮುಗಿಸುವುದು. ಓದು ಪೂರ್ತಿ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಇದರ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಬಹುಶಃ ‘ತಡ’ ಎಂದರೆ ಮರ್ಯಾದೆ ಕಡಿಮೆ ಎಂದೇನೋ.

ಉಳಿಸಿದ ಆರು ತಿಂಗಳನ್ನು ಏನು ಮಾಡುವುದು ಎಂಬುದೂ ಯೋಚಿಸುವ ವಿಷಯ. ಐದನೆಯ ಸೆಮಿಸ್ಟರ್ ಮುಗಿಯುವುದು ವರ್ಷದ ಮಧ್ಯದಲ್ಲಿ. ಎಂಬಿಎ ಸೀಟಿನ ಪಿಜಿಸಿಇಟಿ ವರ್ಷಕ್ಕೊಮ್ಮೆ. ಮುಂದೆ ಓದುವವರು ಆ ತಿಂಗಳುಗಳನ್ನು ಕಾಯುತ್ತಲೇ ಕಳೆಯಬೇಕಾಗಬಹುದು. ಕೂಡಲೇ ಕೆಲಸಕ್ಕೆ ಸೇರುವವರಿಗೆ ಮಾತ್ರ ನಿಜವಾದ ಲಾಭ.

ಸಿಎ ಮಾಡಬೇಕೆನ್ನುವವರಿಗೆ ಸಮಯ ಉಳಿಯುವ ಜಾಗವೇ ಬೇರೆ. ಫೌಂಡೇಶನ್‌ಗೆ ಹತ್ತನೆಯ ತರಗತಿ ಪಾಸಾದ ಮೇಲೆ ಹೆಸರು ನೋಂದಾಯಿಸಬಹುದು, ಪಿಯುಸಿ ಪರೀಕ್ಷೆಯ ನಂತರ ಬರೆಯಬಹುದು. 2024ರಿಂದ ಈ ಪರೀಕ್ಷೆ ವರ್ಷಕ್ಕೆ ಮೂರು ಬಾರಿ ನಡೆಯುತ್ತಿದೆ. ಆರ್ಟಿಕಲ್‌ಶಿಪ್ 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಡಿಗ್ರಿ ಮುಗಿಸಿ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಹೋಗುವ ದಾರಿಯೂ ಇದೆ, ಅದಕ್ಕೆ ಕಾಮರ್ಸಿನಲ್ಲಿ ನೂರಕ್ಕೆ 55 ಅಂಕ ಬೇಕು. ಕ್ರೆಡಿಟ್ ರಾಶಿ ಹಾಕಿಕೊಂಡು ಅಂಕ ಕಳೆದುಕೊಂಡರೆ ಈ ಬಾಗಿಲು ಮುಚ್ಚುತ್ತದೆ.

ಯುಜಿಸಿ ಒಪ್ಪಿದ ಮಾತ್ರಕ್ಕೆ ಎಲ್ಲ ಕಡೆ ಇದು ಸಿಗುವುದಿಲ್ಲ, ಜಾರಿಗೆ ತರುವುದು ಆಯಾ ವಿಶ್ವವಿದ್ಯಾಲಯದ ತೀರ್ಮಾನ. ಹಾಗಾಗಿ ಡಿಗ್ರಿ ಅಡ್ಮಿಷನ್‌ಗೆ ಹೋದಾಗ ಕೌಂಟರಿನಲ್ಲೇ ಕೇಳಿಬಿಡಿ: ನಿಮ್ಮ ವಿಶ್ವವಿದ್ಯಾಲಯದಲ್ಲಿ ಇದು ಜಾರಿಯಲ್ಲಿದೆಯೇ? ನಮ್ಮ ಕೋರ್ಸಿಗೆ ಎಷ್ಟು ಸೀಟು? ಹೆಚ್ಚಿನ ಪೇಪರುಗಳ ಪಾಠ ಯಾವ ಹೊತ್ತಿನಲ್ಲಿ? ಫೀಸು ಎಷ್ಟು?